ಕಿಟಕಿ ಇರುವ ಸಂಪು

ಮೂವರು ಅಣ್ಣತಮ್ಮಂದಿರು ಒಂದು ಮನೆಯನ್ನು ಪಾಲು ಮಾಡಿಕೊಂಡರೆ ಕೊನೆಯವನಿಗೆ ಎಂಥ ಆಕಾರ ಉಳಿಯುತ್ತದೆ ಎಂದು ತಿಳಿಯಬೇಕಾದರೆ ಸೇಲಂನಲ್ಲಿರುವ ನಮ್ಮ ನೇಕಾರರ ಬೀದಿಗೆ ಬನ್ನಿ. ತೀರಿಕೊಂಡ ಅಪ್ಪನ ಪಾಲಿಗೆ ಬಂದದ್ದು ಒಂದೂವರೆ ಸೆಂಟು. ಬೀದಿಯ ಕಡೆ ಅಗಲ, ಹಿಂದೆ ಹೋಗುತ್ತಾ ಸಮೋಸದ ಮೂಲೆಯ ಹಾಗೆ ಚೂಪು. ಹಳೆಯ ಮನೆ ಕೆಡವಿದ ದಿನ ಅವ್ವನ ಮಗ್ಗದ ಗುಂಡಿಗೂ ಮಣ್ಣು ಬಿತ್ತು.

ಆ ಗುಂಡಿಯಲ್ಲಿ ಕಾಲು ಇಳಿಬಿಟ್ಟುಕೊಂಡು ಅವಳು ನಲವತ್ತು ವರ್ಷ ಸೀರೆ ನೇಯ್ದಿದ್ದಳು. ಈಗ ನೆಲದ ಮೇಲೆ ಕೂತರೆ ಮೊಣಕಾಲು ಮಡಚುವುದಿಲ್ಲ. ಕುರ್ಚಿಯಲ್ಲಿ ಕೂರಿಸಿದರೆ, "ಬಸ್ಸಿಗೆ ಕಾಯ್ದಂಗೈತೆ" ಎಂದು ಎದ್ದುಬಿಡುತ್ತಾಳೆ. ಹಾಗಾಗಿ ಹೊಸ ಮನೆ ಏಳುವವರೆಗೆ ಹಿಡಿದ ಬಾಡಿಗೆ ಮನೆಯಲ್ಲಿ ಅವಳ ಜಾಗ ಹೊಸಿಲು. ಕಾಲನ್ನು ಮೆಟ್ಟಿಲಿಗೆ ಇಳಿಬಿಟ್ಟು ಕೂತರೆ ಮಾತ್ರ ಅವಳಿಗೆ ಹಾಯಿ. ಹೊಸಿಲ ಮೇಲೆ ಕೂತರೆ ಲಕ್ಷ್ಮಿ ಒಳಗೆ ಬರುವುದಿಲ್ಲ ಎಂದು ಚಿಕ್ಕಂದಿನಲ್ಲಿ ನಮ್ಮ ಬೆನ್ನಿಗೆ ಗುದ್ದಿ ಎಬ್ಬಿಸಿದವಳೂ ಅವಳೇ. ಈಗ ನಾವು ಸಾಲ ತೀರಿಸಿದೆವು. ಓಡಾಡುವವರೆಲ್ಲ ಅವಳನ್ನು ಗದರುತ್ತಿದ್ದೆವು, ಶಾಲೆಗೆ ತಡವಾಗಿ ಓಡುವ ನಾನಂತೂ ತುಸು ಹೆಚ್ಚೇ.

ಹೊಸ ಮನೆಯ ಪ್ಲಾನ್ ಬಂತು. ಟಿವಿಗೆ ಒಂದು ಗೋಡೆ, ಬೈಕಿಗೆ ಒಂದು ಜಾಗ, ಚಪ್ಪಲಿಗೂ ಒಂದು ಕಪಾಟು.

"ಅವ್ವ ಎಲ್ ಕೂರ್ಬೇಕು?" ಅಂತ ತಮ್ಮನನ್ನು ಕೇಳಿದೆ.

"ಸೋಫಾ ಐತಲ್ಲಕ್ಕಾ."

ನನಗೆ ಮೈ ಉರಿಯಿತು. ಆದರೆ ತಮ್ಮನ ಹತ್ತಿರ ವಾದ ಮಾಡುವುದೆಂದರೆ ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ. ಅವನು ಬಗ್ಗುವುದು ವಾಸ್ತುವಿಗೆ ಮಾತ್ರ. ಹಿಂದಿನ ಚೂಪು ಮೂಲೆಯನ್ನು ಇಂಜಿನಿಯರ್ ಯಾವುದಕ್ಕೂ ಬಾರದ್ದೆಂದು ಪೆನ್ಸಿಲ್‌ನಿಂದ ಗೀಚಿಬಿಟ್ಟಿದ್ದರು. ನಾನು ಅದನ್ನೇ ಬೆರಳಿಟ್ಟು ತೋರಿಸಿ, "ಇದು ಈಶಾನ್ಯ ಕಣೋ. ಇಲ್ಲೊಂದು ಚಿಕ್ಕ ಸಂಪು ಮಾಡ್ಸು, ನೀರಿದ್ರೆ ಮನೆಗೆ ಒಳ್ಳೇದು" ಎಂದೆ. ಈಶಾನ್ಯ ಅಂದ ಕೂಡಲೇ ತಮ್ಮ ತಲೆಯಾಡಿಸಿದ. ನಲ್ಲಿ ನೀರು ಬರುವ ದಿನವನ್ನು ಎದುರು ನೋಡುವ ಬೀದಿಯಲ್ಲಿ ಇನ್ನೊಂದು ಸಂಪು ಬೇಡ ಅನ್ನುವ ಧೈರ್ಯ ಯಾರಿಗಿದೆ?

ಮಧ್ಯಾಹ್ನ ಅವ್ವ ಮಲಗಿದ್ದಾಗ ನೂಲಿನಿಂದ ಅವಳ ಮೊಣಕಾಲಿನಿಂದ ಹಿಮ್ಮಡಿಯವರೆಗೆ ಅಳೆದೆ. ಕಳ್ಳತನ ಮಾಡಿದಷ್ಟೇ ಖುಷಿ. ಆ ನೂಲನ್ನು ಮೇಸ್ತ್ರಿಯ ಕೈಗೆ ಕೊಟ್ಟು, ಇಷ್ಟೇ ಆಳ ತೋಡಬೇಕು, "ಯಾರ್ಕಿಟ್ಟೆಯೂ ಸೊಲ್ಲಾದೀಂಗ" ಎಂದು ಯಾರಿಗೂ ಹೇಳದಂತೆ ಬಾಯಿಗೆ ಬೀಗ ಹಾಕಿಸಿದೆ. ಗುಂಡಿಯ ತಳಕ್ಕೆ ಕೆಂಪು ನೆಲ ಮಾಡಿಸಿದೆ. ಹಿಂದಿನ ಸಂದಿನ ಓಡಾಟ ಕಾಣುವಂತೆ ಪಕ್ಕದ ಗೋಡೆಗೆ ತಗ್ಗಿನಲ್ಲಿ ಒಂದು ಕಿಟಕಿ ಇಡಿಸಿದೆ.

ಇಂಜಿನಿಯರ್ ಬಂದು ನೋಡಿದವರು ಕನ್ನಡಕ ತೆಗೆದು ಒರೆಸಿಕೊಂಡರು. "ಸಂಪುಕ್ಕು ಜನ್ನಲಾ, ಟೀಚರ್?" ಎಂದು ಕಿಟಕಿಯತ್ತ ಬೆರಳು ತೋರಿಸಿದರು.

"ನೀರಿಗೂ ಗಾಳಿ ಬೇಡವಾ ಸಾರ್?" ಎಂದೆ. ಮಕ್ಕಳಿಗೆ ಪಾಠ ಹೇಳುವ ದನಿಯಲ್ಲೇ ಹೇಳಿದ್ದರಿಂದ ಅವರು ಮತ್ತೆ ಕೇಳಲಿಲ್ಲ.

ಗೃಹಪ್ರವೇಶದ ದಿನ ಹಾಲು ಉಕ್ಕಿಸಿ ಆದ ಮೇಲೆ ಅವ್ವನ ಕೈ ಹಿಡಿದು ಮೂಲೆಗೆ ಕರೆದೊಯ್ದೆ. ಅವಳು ಅಂಚಿನಲ್ಲಿ ಕೂತು ಮೆಲ್ಲಗೆ ಕಾಲು ಇಳಿಬಿಟ್ಟಳು. ಅಂಗಾಲು ಪೂರ್ತಿ ನೆಲಕ್ಕೆ ತಾಗಿತು. ತುಳಿಯಲು ಅಲ್ಲಿ ಏನೂ ಇಲ್ಲದಿದ್ದರೂ ಪಾದಗಳು ಒಂದಾದ ಮೇಲೊಂದರಂತೆ ಒತ್ತತೊಡಗಿದವು. ತಮ್ಮ ಮಾತ್ರ ನೀರೆಲ್ಲಿ ಎಂದು ಹುಡುಕುತ್ತಿದ್ದ.

ಆಮೇಲೆ ಗಮನಿಸಿದೆ, ಗುಂಡಿ ನಾನು ಕೊಟ್ಟ ಅಳತೆಗಿಂತ ಆಳವಾಗಿತ್ತು. ಮೇಸ್ತ್ರಿಯ ಕಡೆ ತಿರುಗಿದರೆ, ಆತ ಅವ್ವನನ್ನು ನೋಡಿ ನಗುತ್ತಿದ್ದಾನೆ.

"ಮಲಗ್ದೋಳ ಕಾಲ್ ಅಳದ್ರೆ ಅಳತೆ ಸರಿ ಬರಕ್ಕಿಲ್ಲ ಕಣೇ," ಎಂದಳು ಅವ್ವ. "ಮೇಸ್ತ್ರಿ ಕೈಲಿ ನಾಕ್ ಬೆರಳು ಜಾಸ್ತಿ ತೋಡುಸ್ದೆ."

ಅಂದರೆ ಅವತ್ತು ಅವಳಿಗೆ ನಿದ್ದೆ ಬಂದಿರಲಿಲ್ಲ. ನನ್ನ ಜಾಣತನವೆಲ್ಲ ಅದೇ ಗುಂಡಿಗೆ ಬಿತ್ತು.

"ಇಷ್ಟು ಆಸೆ ಇತ್ತು ಅಂದ್ರೆ ಬಾಯ್ಬಿಟ್ಟು ಒಂದ್ ಮಾತು ಕೇಳಬಾರ್ದಿತ್ತಾ ಅವ್ವಾ?"

"ಇನ್ನೆಂಗೆ ಕೇಳೋದು?" ಅವಳು ಕಿಟಕಿಯ ಆಚೆಯೇ ನೋಡುತ್ತಿದ್ದಳು. "ಎರಡ್ ವರ್ಸ ಒಸಿಲ್ ಮ್ಯಾಲೆ, ನಿಮ್ ಕಾಲಿಗೇ ಅಡ್ಡವಾಗಿ ಕೂತಿದ್ನಲ್ಲ. ಎಲ್ರೂ ದಾಟ್ಕಂಡೇ ಓಗ್ತಿದ್ರಿ."