ಚಂದ್ರಿಕೆಯ ಅಡುಗೆಮನೆ

ಪಕ್ಕದ ಮನೆಗೆ ಹೋಗಿ ಚಂದ್ರಿಕೆ ಕೇಳಬೇಕಿತ್ತು. ನಾನು ಕೇಳಲಿಲ್ಲ. ರೇಷ್ಮೆ ಸಾಕದವರಿಗೆ ಇದೊಂದು ತಪ್ಪು ಅಂತಲೇ ಅನ್ನಿಸಲಿಕ್ಕಿಲ್ಲ. ಸೊಪ್ಪು ತಿನ್ನುವುದು ಬಿಟ್ಟು ಹಣ್ಣಾದ ಹುಳುವನ್ನು ಗೂಡು ಕಟ್ಟಲು ಬಿಡುವ ಬಿದಿರಿನ ಚಾಪೆಯೇ ಚಂದ್ರಿಕೆ. ಆಳೆತ್ತರ ಇರುತ್ತದೆ, ಮೈತುಂಬ ಸುರುಳಿ ಸುರುಳಿಯಾಗಿ ಹೆಣೆದ ಪಟ್ಟಿ. ಹುಳು ಹಣ್ಣಾದ ಮೇಲೆ ಯಾರಿಗೂ ಕಾಯುವುದಿಲ್ಲ. ಅದಕ್ಕೇ ನಮ್ಮ ಮುಳಬಾಗಿಲು ಕಡೆ ಮಾತು ಬಿಟ್ಟ ಮನೆಯವರೂ ಚಂದ್ರಿಕೆ ಕೇಳಿದರೆ ಇಲ್ಲ ಅನ್ನುವುದಿಲ್ಲ.

ನನ್ನ ತಮ್ಮ ಬೆಂಗಳೂರಿನಲ್ಲಿ ಚಿತ್ರಕಲೆ ಓದುತ್ತಿದ್ದ. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟು ಹುಳುವಿಗೆ ಸೊಪ್ಪು ಹಾಕುತ್ತಾ ಬೆಳೆದವಳು. ಮದುವೆ ಮುರಿದು ತೌರಿಗೆ ಬಂದ ಮೇಲೂ ಅದೇ ಸೊಪ್ಪು, ಅದೇ ಹುಳು. ಇಷ್ಟು ಓದಿದ ಮೇಲೆ ಇವನು ದೇವರ ಪಟವಾದರೂ ಬರೆಯುತ್ತಾನೆ ಅಂದುಕೊಂಡಿದ್ದೆ. ಬೇಸಿಗೆಯಲ್ಲಿ ಊರಿಗೆ ಬಂದವನು ಅಂಗಳದಲ್ಲಿ ಗಳ ನೆಟ್ಟು, ಮನೆಯಲ್ಲಿದ್ದ ಚಂದ್ರಿಕೆಗಳನ್ನೆಲ್ಲ ಸಾಲಾಗಿ ನಿಲ್ಲಿಸಿ ಹಗ್ಗದಿಂದ ಬಿಗಿದ.

“ಏನ್ಲಾ ಇದು?”

“ಅಮ್ಮನ ಅಡುಗೆಮನೆ ಅಕ್ಕ.”

ಅಮ್ಮ ಸತ್ತ ಮೇಲೆ ಅಪ್ಪ ಆ ಅಡುಗೆಮನೆಯನ್ನು ಕೆಡವಿ, ಅದೇ ಜಾಗದಲ್ಲಿ ಹುಳುವಿನ ಮನೆ ಕಟ್ಟಿಸಿದ್ದರು. ಇವನು ಅದನ್ನು ಅಂಗಳಕ್ಕೆ ತಂದು ನಿಲ್ಲಿಸಿದ್ದ.

“ಒಲೆ ಎಲ್ಲೋ?”

“ಒಲೆ ಇದ್ದ ಜಾಗ ಬಿಟ್ಟಿದೀನಿ ನೋಡು.”

“ಜಾಗದ ಮೇಲೆ ಮುದ್ದೆ ಬೇಯುತ್ತೇನ್ಲಾ?”

ಪಕ್ಕದ ಮನೆ ಅತ್ತೆ ಬೇಲಿಯಾಚೆಯಿಂದ ನಕ್ಕಳು. “ಏಮಮ್ಮಾ, ನಿನ್ ತಮ್ಮ ಬೆಂಗ್ಳೂರಾಗೆ ಓದಿ ಸೂರು ಹಾಕೋದೇ ಮರ್ತು ಬಂದವ್ನಲ್ಲೇ!”

ನಾನೂ ನಕ್ಕೆ. ದಿನಾ ನಗುತ್ತಿದ್ದೆ. ನನ್ನ ಓದನ್ನೂ ಸೇರಿಸಿ ಓದಿದವನು ಕೊನೆಗೆ ಮಕ್ಕಳ ಹಾಗೆ ಮನೆಯಾಟ ಆಡುತ್ತಿದ್ದಾನೆ ಅಂತ ಕಂಡವರಿಗೆಲ್ಲ ಹೇಳಿದೆ. ಅವನು ಸಿಟ್ಟಾಗಲಿಲ್ಲ.

“ಒಂದ್ಸಲ ಒಳಗೆ ಬಂದು ನೋಡಕ್ಕ. ಅಮ್ಮ ಹೋದಾಗ ನಾನು ಚಿಕ್ಕೋನು. ಸರಿಯಾಗಿದೆಯೋ ಇಲ್ವೋ ನಿಂಗೊಬ್ಳಿಗೇ ಗೊತ್ತಾಗೋದು.”

“ನಂಗೆ ಸಗಣಿ ಬಾಚೋದಿದೆ.”

ಕಡೇ ವರ್ಷದ ಪರೀಕ್ಷೆ ಅವನಿಗೆ ಅದೇ ಆಗಿತ್ತು. ಮೇಷ್ಟ್ರುಗಳು ಊರಿಗೇ ಬಂದು ನೋಡಿ, ಒಪ್ಪಿದರೆ ಪಾಸು. ಅವರನ್ನು ಕರೆತರಲು ಮುಳಬಾಗಿಲು ಬಸ್ ಸ್ಟ್ಯಾಂಡಿಗೆ ಹೊರಟವನು ಬಾಗಿಲಲ್ಲಿ ನಿಂತು, “ಹುಳು ಹಣ್ಣಾದ್ರೆ ಪಕ್ಕದ ಮನೇಲಿ ಇಸ್ಕೋ ಅಕ್ಕ. ಇವತ್ತೊಂದಿನ ಇದನ್ನ ಮುಟ್ಬೇಡ,” ಅಂದ.

“ಹೂಂ, ಹೋಗು,” ಅಂದೆ.

ಆ ಸೆಕೆಗೆ ಹುಳು ಅಂದೇ ಹಣ್ಣಾಯಿತು. ತಟ್ಟೆಗಳಲ್ಲಿ ಮೈ ಹಳದಿಯಾಗಿ ತಲೆ ಎತ್ತಿ ಆಡಿಸುತ್ತಿದ್ದವು. ಅಪ್ಪ ಹುಳು ಆರಿಸುತ್ತಾ, “ಪಕ್ಕದ ಮನೇಲಿ ಚಂದ್ರಿಕೆ ಕೇಳ್ಕೊಂಡ್ ಬಾಮ್ಮ,” ಅಂದರು. ನಾನು ಬೇಲಿಯ ತನಕ ಹೋದೆ. ಅತ್ತೆಯ ಜಗಲಿಯ ಮೇಲೆ ಚಂದ್ರಿಕೆ ಒಟ್ಟಿದ್ದು ಕಾಣುತ್ತಿತ್ತು. ಹಾಗೇ ವಾಪಸ್ಸು ಬಂದು, “ಅವರ್ದೂ ಹಣ್ಣಾಗವೆ,” ಅಂದುಬಿಟ್ಟೆ.

ಹಗ್ಗ ಬಿಚ್ಚಬೇಕಾದರೆ ಒಳಗೆ ಹೋಗಲೇಬೇಕಿತ್ತು. ಅವನು ಬಿಟ್ಟಿದ್ದ ಬಾಗಿಲಲ್ಲಿ ನನ್ನ ತಲೆ ತಾನಾಗಿ ಬಗ್ಗಿತು. ಒಳಗೆ ಕಾಲಿಟ್ಟ ಕೂಡಲೇ ಎಡಗೈ ನೀರಿನ ಕೊಡಕ್ಕೆ ಚಾಚಿತು. ಕೊಡ ಇರಲಿಲ್ಲ. ಅಮ್ಮನ ಅಡುಗೆಮನೆಯಲ್ಲಿ ಅದು ಇದ್ದದ್ದು ಅಲ್ಲೇ. ಚಂದ್ರಿಕೆಯ ಸಂದಿಗಳಿಂದ ಬಿಸಿಲು ನೆಲದ ಮೇಲೆ ಚೂರು ಚೂರಾಗಿ ಬಿದ್ದಿತ್ತು. ಇವನು ಸರಿಯಾಗಿ ಕಟ್ಟಿದ್ದಾನೆ ಅಂತ ನನಗೆ ಗೊತ್ತಾಯಿತು. ಗೊತ್ತಾದ ಮೇಲೂ ಬಿಚ್ಚಿದೆ, ಗಳಗಳನ್ನೂ ಕಿತ್ತೆ. ಅದಕ್ಕಿಂತ ಕೀಳು ಕೆಲಸ ನಾನು ಮಾಡಿಲ್ಲ.

ಮೇಷ್ಟ್ರುಗಳು ಇಬ್ಬರು ಬಂದರು. ಅವರಲ್ಲಿ ಗಡ್ಡದವನು, ನಾವು ಹುಳು ಬಿಟ್ಟು ಮನೆಯ ನೆರಳಿಗೆ ಒರಗಿಸಿದ್ದ ಚಂದ್ರಿಕೆಗಳ ಮುಂದೆ ನಿಂತು ಕಣ್ಣು ಸಣ್ಣ ಮಾಡಿದ.

“ಎಕ್ಸಲೆಂಟ್! ಈ ಜಾಗ ಉಸಿರಾಡ್ತಾ ಇದೆ.”

ಉಸಿರಾಡುತ್ತಿದ್ದದ್ದು ಹುಳು. ಇಂಥವರ ಕೈಯಲ್ಲಿ ಪಾಸಾಗಲು ನನ್ನ ತಮ್ಮ ಅಷ್ಟು ದಿನ ಬಿಸಿಲಲ್ಲಿ ಬೆಂದಿದ್ದ. ಅವನು ಅಂಗಳ ನೋಡಿದ. ಗಳ ನೆಟ್ಟಿದ್ದ ಗುಂಡಿಗಳು ಮಾತ್ರ ಇದ್ದವು. ಆಮೇಲೆ ನನ್ನನ್ನು ನೋಡಿದ. ಸುಮ್ಮನೆ ಹೂಂ ಅಂದಿದ್ದರೆ ಪಾಸಾಗುತ್ತಿದ್ದ.

“ಇದು ನಂದಲ್ಲ ಸಾರ್. ನಮ್ಮ ಅಕ್ಕನ ಕೆಲಸ. ನಂದು ಅಲ್ಲಿತ್ತು,” ಅಂತ ಗುಂಡಿಗಳನ್ನು ತೋರಿಸಿದ.

ಗಡ್ಡದವನು ವಾಚು ನೋಡಿಕೊಂಡ. ಇಬ್ಬರೂ ನಾನು ಕೊಟ್ಟ ಮಜ್ಜಿಗೆ ಕುಡಿದು ಹೋದರು.

“ಹುಳು ಕಾಯಲ್ಲ ಅಲ್ವಾ ಅಕ್ಕ,” ಅಂದ ತಮ್ಮ.

“ಪಕ್ಕದ ಮನೇಲೂ ಇರ್ಲಿಲ್ಲ ಕಣೋ,” ಅಂದೆ.

ನಂಬಿದ. ಆ ವರ್ಷ ಫೇಲಾದ, ಪರೀಕ್ಷೆಗೆ ಮತ್ತೆ ಕಟ್ಟಲಿಲ್ಲ. ಶ್ರೀನಿವಾಸಪುರದ ಒಂದು ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿ ಮಕ್ಕಳಿಗೆ ಮಾವಿನಹಣ್ಣು ಬರೆಸುತ್ತಾ ಕೂತ.

ಆ ದಶಕ ಮುಗಿಯುವ ಹೊತ್ತಿಗೆ ಒಂದು ದಿನ ಹೇಳಿಕಳಿಸಿದ. ಶಾಲೆಯ ಬಯಲಲ್ಲಿ ಏನೋ ಕಟ್ಟಿದ್ದಾನಂತೆ, ಬರಬೇಕಂತೆ. ಬಸ್ಸು ಹಿಡಿದು ಹೋದೆ. ಮತ್ತೆ ಅದೇ ಅಡುಗೆಮನೆ. ಈ ಸಲ ಚಂದ್ರಿಕೆ ಇರಲಿಲ್ಲ, ಗಳ ನೆಟ್ಟು ತೆಂಗಿನ ನಾರಿನ ಹಗ್ಗ ಎಳೆದಿದ್ದ, ಅಷ್ಟೇ. ಹೆಡ್ ಮಾಸ್ಟರು ಶಾಲು ಹೊದ್ದು, ವಾಸ್ತುಶಿಲ್ಪ, ಪರಂಪರೆ ಅಂತ ಬಾಯಿಗೆ ಬಂದದ್ದು ಮಾತಾಡಿದರು. ಒಬ್ಬಾತ ಬಂದು ಶಾಮಿಯಾನ ಯಾವಾಗ ಹಾಕ್ತೀರಿ ಅಂತ ಕೇಳಿದ. ಇನ್ನೊಬ್ಬ ಹಗ್ಗದ ಮೇಲೆ ಟವೆಲ್ ಒಣಗಹಾಕಿದ. ನಿಜ ಹೇಳಬೇಕೆಂದರೆ ಈ ಕಲೆಯ ಮೇಲೆ ನನಗೆ ಇವತ್ತಿಗೂ ದೊಡ್ಡ ಗೌರವವೇನಿಲ್ಲ. ಆದರೆ ಆ ಟವೆಲ್ ನೋಡಿ ಸಿಟ್ಟು ಬಂತು. ಟವೆಲ್ ಹಾಕಿದವನಿಗೂ ನನಗೂ ಏನು ವ್ಯತ್ಯಾಸ? ಅವನು ತಿಳಿಯದೆ ಹಾಕಿದ. ನಾನು ತಿಳಿದೂ ಬಿಚ್ಚಿದವಳು.

ಜನ ಹೋಗುವ ತನಕ ಕಾದು, ಟವೆಲ್ ಎಳೆದು ಬಿಸಾಕಿದೆ. ಬಾಗಿಲಿಗೆ ಕಟ್ಟಿದ್ದ ತಗ್ಗು ಹಗ್ಗದ ಕೆಳಗೆ ತಲೆ ಬಗ್ಗಿಸಿ ಒಳಗೆ ಹೋಗಿ ನಿಂತೆ. ತಮ್ಮ ಹೊರಗೇ ನಿಂತಿದ್ದ. ಅವನ ಕಿವಿಯ ಹತ್ತಿರ ಕೂದಲು ಆಗಲೇ ಬೆಳ್ಳಗಾಗಿತ್ತು.

“ಸರಿಯಾಗಿದೆಯಾ ಅಕ್ಕ?” ಅಂದ.

“ಸರಿಯಾಗಿದೆ ಕಣೋ. ಕೊಡ ಇಲ್ಲೇ ಎಡಗಡೆ ಇತ್ತು. ಅವತ್ತೂ ನೀನು ಸರಿಯಾಗೇ ಕಟ್ಟಿದ್ದೆ, ನಂಗೆ ಗೊತ್ತಾಗಿತ್ತು. ಪಕ್ಕದ ಮನೇಲಿ ಚಂದ್ರಿಕೆ ಇತ್ತು. ನಾನು ಕೇಳೋಕೇ ಹೋಗ್ಲಿಲ್ಲ. ಬೇಕಂತ್ಲೇ ಬಿಚ್ಚಿದೆ. ತಪ್ಪಾಯ್ತು ಕಣಪ್ಪಾ.”