ಚಳಿಗೆ ನಿಲ್ಲುವ ಕಂಪ್ರೆಸರ್ ಮತ್ತು ಒಂದು ಲಾರಿ ಬಂಗಡೆ

ನಾನು ಐದನೆಯ ತರಗತಿಯಲ್ಲಿದ್ದ ವರ್ಷ, ಡಿಸೆಂಬರ್ ತಿಂಗಳ ಒಂದು ಸೋಮವಾರ ಬೆಳಿಗ್ಗೆ, ಬಂಗಡೆ ಮೀನು ತುಂಬಿದ ಲಾರಿಯೊಂದು ಹೊನ್ನಾವರದಲ್ಲಿ ಅಪ್ಪನ ಟೈರ್ ಅಂಗಡಿಯ ಮುಂದೆ ನಿಂತಿತು. ಹಿಂದಿನ ಚಕ್ರ ಪಂಕ್ಚರ್ ಆಗಿತ್ತು. ಬಿಡಿ ಚಕ್ರದಲ್ಲೂ ಗಾಳಿ ಇರಲಿಲ್ಲ. ಲಾರಿ ಭಟ್ಕಳದ್ದು. ಓಡಿಸುತ್ತಿದ್ದವನೇ ಅದರ ಮಾಲೀಕ, ಒಳಗಿದ್ದ ಮೀನೂ ಅವನದೇ. ಬಿಸಿಲು ಏರುವುದರೊಳಗೆ ಘಟ್ಟ ಹತ್ತಿ ಹುಬ್ಬಳ್ಳಿಯ ದಾರಿ ಹಿಡಿಯದಿದ್ದರೆ ಮಂಜುಗಡ್ಡೆ ಕರಗಿ ಅಷ್ಟೂ ಹಾಳಾಗುತ್ತಿತ್ತು.

ಅಪ್ಪ ಟ್ಯೂಬಿಗೆ ತೇಪೆ ಹಾಕಿ ಮುಗಿಸಿದ. ಉಳಿದದ್ದು ಗಾಳಿ ತುಂಬುವ ಕೆಲಸ. ನಮ್ಮ ಕಂಪ್ರೆಸರ್ ಕರೆಂಟಿನದಲ್ಲ. ಒಂದು ಹಳೆಯ ಡೀಸೆಲ್ ಎಂಜಿನ್, ಅದರಿಂದ ಒಂದು ಬೆಲ್ಟು, ಬೆಲ್ಟಿನ ಆ ತುದಿಗೆ ಗಾಳಿ ಒತ್ತುವ ಯಂತ್ರ, ಅದರ ಕೆಳಗೆ ತುಕ್ಕು ಹಿಡಿದ ಟ್ಯಾಂಕಿ. ಹ್ಯಾಂಡಲ್ ತಿರುಗಿಸಿದರೆ ಎಂಜಿನ್ ಕರಿ ಹೊಗೆ ಉಗುಳಿ ಏಳುತ್ತಿತ್ತು. ಬೆಲ್ಟು ಹಾಕಿದೊಡನೆ ಗುಡುಗುಡು ಕೆಮ್ಮಿ ನಿಂತುಬಿಡುತ್ತಿತ್ತು. ಚಳಿ ಶುರುವಾದಾಗಿನಿಂದ ಇದೇ ಪಾಡು. ಚೆನ್ನಾಗಿ ಬಿಸಿಲು ಬಿದ್ದ ಮೇಲೆ ತಾನಾಗಿ ಸರಿಹೋಗುತ್ತಿತ್ತು. ಮೀನಿಗೆ ಅಷ್ಟು ಹೊತ್ತು ಇರಲಿಲ್ಲ.

ಅಷ್ಟರಲ್ಲಿ ಅಪ್ಪನ ಅಣ್ಣ, ನಮ್ಮ ದೊಡ್ಡಪ್ಪ, ಬಂದ. ಮುಂಬೈಯ ಬಟ್ಟೆ ಗಿರಣಿಯಲ್ಲಿ ಇದ್ದು ಬಂದವನು ಎಂದು ಊರಿಗೆಲ್ಲ ಹೇಳಿಕೊಂಡಿದ್ದ. ಇದ್ದದ್ದು ನಿಜ, ಅಲ್ಲಿಯ ಕ್ಯಾಂಟೀನಿನಲ್ಲಿ ಚಹಾ ಹಂಚುತ್ತಿದ್ದ. ಊರಿಗೆ ಮರಳಿದ ಮೇಲೆ ಎಂಜಿನಿಯರ್ ಆದ. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಕಿರುಬೆರಳಿನಿಂದ ತೋರಿಸುತ್ತಲೇ ಎಲ್ಲವನ್ನೂ ರಿಪೇರಿ ಮಾಡಿಸುತ್ತಿದ್ದ. ನಮ್ಮ ಮನೆಯಲ್ಲಿ ಅಣ್ಣನಿಗೆ ತಮ್ಮ ಎದುರಾಡುವಂತಿರಲಿಲ್ಲ. ಅಪ್ಪ ತಲೆ ತಗ್ಗಿಸಿ ಹೇಳಿದ್ದನ್ನೇ ಮಾಡುತ್ತಿದ್ದ. ಊರು ಅದನ್ನು ವಿನಯ ಎಂದು ಹೊಗಳುತ್ತಿತ್ತು.

ದೊಡ್ಡಪ್ಪ ಮೊದಲು ಡೀಸೆಲ್ ಹಳತಾಗಿದೆ ಎಂದ. ಅಪ್ಪ ಅದನ್ನು ಬಸಿದು ಹೊಸದು ಹಾಕಿದ. ಎಂಜಿನ್ ಎದ್ದಿತು, ನಿಂತಿತು. ಆಮೇಲೆ ಬೆಲ್ಟು ಬಿಗಿಯಾಗಿದೆ ಎಂದ. ಸಡಿಲಿಸಿದರೆ ಅದು ಜಾರಿ, ಸುಟ್ಟ ರಬ್ಬರಿನ ವಾಸನೆ ಮೂಗಿಗೆ ಅಡರಿತು. ಕೊನೆಗೆ ದೃಷ್ಟಿ ತಾಗಿದೆ ಎಂದು ನಿಂಬೆಹಣ್ಣು ನಿವಾಳಿಸಿದ. ಅದೊಂದನ್ನು ಮಾತ್ರ ತಾನೇ ಕೈಯಾರೆ ಮಾಡಿದ. ಲಾರಿಯ ಹಲಗೆಗಳ ಸಂದಿನಿಂದ ನೀರು ತೊಟ್ಟಿಕ್ಕತೊಡಗಿತು. ಕಾಗೆಗಳು ಬಂದು ಕೂತವು.

“ಎಂತ ಮಾರಾಯ್ರೇ, ನಿಮ್ಮ ಎಂಜಿನ್ನಿಗೆ ಪೂಜೆ ಮುಗಿಯೂದ್ರೊಳಗೆ ನನ್ನ ಬಂಗಡೆ ಗೊಬ್ಬರ ಆಗ್ತದೆ,” ಎಂದ ಲಾರಿಯವ.

“ಇದು ವಿಲಾಯ್ತಿ ಮಷಿನ್. ಅವಸರಕ್ಕೆ ಬಗ್ಗೂದಲ್ಲ. ಬೊಂಬಾಯಲ್ಲಿ ಇಂಥಾದ್ದು ಎಷ್ಟು ನೋಡಿದೆ ನಾನು,” ಎಂದ ದೊಡ್ಡಪ್ಪ.

“ಹೌದು, ಚಾ ಕೊಡೂಕೆ ಹೋದಾಗ ನೋಡಿರ್ತ್ರಿ.”

ವಿಷಯ ಭಟ್ಕಳದವರೆಗೂ ಗೊತ್ತಿತ್ತು.

ಅಪ್ಪ ಗಾಳಿಯಂತ್ರದ ಎಣ್ಣೆ ಅಳೆಯುವ ಕಡ್ಡಿಗೆ ಕೈ ಹಾಕಿದ. “ಅದು ಮುಟ್ಟೂದು ಬೇಡ. ಎಣ್ಣೆ ನಾನೇ ಹಾಕ್ಸಿದ್ದು,” ಎಂದ ದೊಡ್ಡಪ್ಪ. ಅಪ್ಪ ಕೈ ಹಿಂದೆ ತೆಗೆದ. ಚಹಾ ತಂದಿದ್ದ ಅಕ್ಕ ಲೋಟವನ್ನು ಟೈರಿನ ಮೇಲಿಟ್ಟು ತಾನೇ ಕಡ್ಡಿ ಎಳೆದಳು. ಅದರ ತುಂಬ ಬೆಳ್ಳಗೆ, ತುಪ್ಪದ ಹಾಗೆ ಗಟ್ಟಿಯಾದದ್ದು ಮೆತ್ತಿಕೊಂಡಿತ್ತು. ಅವಳು ಮೂಸಿ ನೋಡಿದಳು.

“ಅಪ್ಪ, ಇದು ತಲೆಗೆ ಹಚ್ಚೂ ಎಣ್ಣೆ ಅಲ್ದಾ? ನನ್ನ ಬಾಟ್ಲಿಯಲ್ಲೂ ಹೀಂಗೇ ಆಗಿದೆ. ಒಲೆ ಹತ್ರ ಇಟ್ಟು ಬಂದೆ.”

ಆಯುಧಪೂಜೆಯ ದಿನ ಯಂತ್ರಗಳನ್ನು ತೊಳೆಯುವಾಗ ದೊಡ್ಡಪ್ಪ, ಪೂಜೆಗಿಟ್ಟ ಯಂತ್ರದೊಳಗೆ ಕರಿ ಎಣ್ಣೆ ಮೈಲಿಗೆ ಎಂದು ಅದನ್ನು ಬಸಿಸಿ, ಗಾಣದ ತೆಂಗಿನೆಣ್ಣೆ ತುಂಬಿಸಿದ್ದ. ಅಪ್ಪ ಆಗ ಅಂಗಡಿಯಲ್ಲಿ ಇರಲಿಲ್ಲ. ಅಕ್ಟೋಬರಿನ ಸೆಖೆಯಲ್ಲಿ ಅದು ನೀರಿನಂತೆ ಇತ್ತು. ಚಳಿ ಬಿದ್ದ ಮೇಲೆ ಪ್ರತಿ ಬೆಳಿಗ್ಗೆ ಯಂತ್ರದ ಹೊಟ್ಟೆಯಲ್ಲಿ ಹೆಪ್ಪುಗಟ್ಟುತ್ತಿತ್ತು.

“ಡಬ್ಬಿ ಎಣ್ಣೆಗಿಂತ ಶುದ್ಧ ಅದು,” ಎಂದ ದೊಡ್ಡಪ್ಪ. ಅವನ ಮುಖದಲ್ಲಿ ನಾಚಿಕೆಯ ಸುಳಿವೂ ಇರಲಿಲ್ಲ.

“ಅಣ್ಣ, ನೀ ಬದಿಗೆ ನಿಲ್ಲು,” ಎಂದ ಅಪ್ಪ. ಅಪ್ಪ ಅಣ್ಣನಿಗೆ ಹಾಗೆ ಹೇಳಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

ಅಂಗಡಿಯ ಹಿಂದೆಯೇ ಮನೆ. ಬಚ್ಚಲ ಹಂಡೆಯಲ್ಲಿ ಸ್ನಾನದ ನೀರು ಕುದಿಯುತ್ತಿತ್ತು. ಅಕ್ಕ ಬಕೆಟಿನಲ್ಲಿ ತಂದು ಕೊಟ್ಟಂತೆ ಅಪ್ಪ ಯಂತ್ರದ ಮೇಲೆ ಸುರಿದ. ಎಣ್ಣೆ ಕರಗಿ ಕೆಳಗಿನ ತೂತಿನಿಂದ ಹರಿಯಿತು. ಅಂಗಡಿಯೆಲ್ಲ ಹಪ್ಪಳ ಕರಿದಂತೆ ಘಮ್ಮೆಂದಿತು. ಅಪ್ಪ ಡಬ್ಬಿಯಲ್ಲಿ ಬರುವ ಯಂತ್ರದ ಎಣ್ಣೆ ತುಂಬಿ ಹ್ಯಾಂಡಲ್ ತಿರುಗಿಸಿ ಬೆಲ್ಟು ಹಾಕಿದ. ಈ ಸಲ ಎಂಜಿನ್ ನಿಲ್ಲಲಿಲ್ಲ, ಚಕ್ರಕ್ಕೆ ಗಾಳಿ ತುಂಬಿತು.

“ತಂಗೀ, ಇನ್ನು ಎಣ್ಣೆ ನೀನೇ ಹಾಕು,” ಎಂದು ಲಾರಿಯವ ಹೊರಟ. ಮೇಲಿನ ಸಾಲಿನ ಮೀನು ಕೆಟ್ಟಿತು, ಉಳಿದದ್ದು ಹುಬ್ಬಳ್ಳಿಯಲ್ಲಿ ಮಾರಾಟವಾಯಿತು ಎಂದು ಮುಂದಿನ ವಾರ ಬಂದು ಹೇಳಿದ. ಅಷ್ಟರಲ್ಲಿ ದೊಡ್ಡಪ್ಪ ಹೋಟೆಲಿನಲ್ಲಿ ಕೂತು, ಎಲ್ಲ ನಿಂಬೆಹಣ್ಣಿನ ಮಹಿಮೆ ಎಂದು ಸಾರಿ ಮುಗಿಸಿದ್ದ. ಕೇಳಿದವರು ನಂಬಿದರು. ಅವರು ಅಂಥವರೇ.

ಆ ಅಂಗಡಿ ಇದ್ದಲ್ಲಿ ಈಗ ಅಗಲವಾದ ಹೆದ್ದಾರಿಯಿದೆ. ಈಗಿನ ಕಾರು ಯಾವ ಚಕ್ರದಲ್ಲಿ ಗಾಳಿ ಕಡಿಮೆಯಾಗಿದೆ ಎಂದು ತಾನೇ ಹೇಳುತ್ತದೆ. ಪೆಟ್ರೋಲ್ ಬಂಕಿನ ಯಂತ್ರ ಕರೆಂಟಿನಲ್ಲಿ ಓಡಿ, ಬೇಕಾದಷ್ಟು ತುಂಬಿ, ಟಿಣ್ ಎಂದು ನಿಲ್ಲುತ್ತದೆ. ಹೋದ ತಿಂಗಳು ನಾನು ಕುಮಟೆಗೆ ಹೋದಾಗ ದಾರಿಯ ಬಂಕಿನಲ್ಲಿ ಆ ಯಂತ್ರದ ಮೇಲೆ ‘ರಿಪೇರಿಯಲ್ಲಿದೆ’ ಎಂಬ ಚೀಟಿ ಅಂಟಿಸಿದ್ದರು. ನಿನ್ನೆ ಅದೇ ದಾರಿಯಲ್ಲಿ ಹೋದಾಗಲೂ ಆ ಚೀಟಿ ಇತ್ತು.