ಕತ್ತಲಲ್ಲಿ ತುಂಡಾದ ರೋಲು

ಕಳೆದ ಭಾನುವಾರ ಮೂಡುಬಿದಿರೆಯ ನಮ್ಮ ಮನೆಯ ಬಾತ್‌ರೂಮಿನಲ್ಲಿ ಮಗಳು ಹೈಪೋ ಬಾಟಲಿಯ ಮುಚ್ಚಳ ತೆಗೆದಳು. ಫಿಲ್ಮ್ ತೊಳೆಯುವ ಆ ದ್ರಾವಣದ ಹುಳಿ ವಾಸನೆ ಮೂಗಿಗೆ ಬಡಿದದ್ದೇ ತಡ, ಬಂಟ್ವಾಳ ಪೇಟೆಯಲ್ಲಿದ್ದ ಅಪ್ಪನ ಸ್ಟುಡಿಯೋ ಕಣ್ಣೆದುರು ಬಂದು ನಿಂತಿತು...

ಫೋಟೋ ತೆಗೆಯುವುದು ಅಪ್ಪನಿಗೆ ಕಸುಬೂ ಹೌದು, ಹುಚ್ಚೂ ಹೌದು. ಆ ಹುಚ್ಚನ್ನು ನನಗೂ ಹಿಡಿಸಿದ್ದರು. ರಜೆಯ ದಿನ ನರಿಕೊಂಬಿನ ಹೊಳೆ ಬದಿಗೆ ಕರೆದುಕೊಂಡು ಹೋಗಿ, ಒಂದೇ ಒಂದು ಫೋಟೋ ತೆಗೆಯಲು ಬಿಡುತ್ತಿದ್ದರು. "ಸರಿಯಾಗಿ ನೋಡಿ ಆದ ಮೇಲೆ ಒತ್ತು" ಎನ್ನುತ್ತಿದ್ದರು. ಹಾಳಾದ ಫಿಲ್ಮು ಕೊಟ್ಟು, ಕತ್ತಲಲ್ಲಿ ಮಾಡಬೇಕಾದ ಕೆಲಸವೆಂದು ಕಣ್ಣು ಮುಚ್ಚಿ ಅದನ್ನು ರೀಲಿಗೆ ಸುತ್ತುವುದನ್ನು ಕಲಿಸಿದರು. ನಾನು ಒಂಬತ್ತನೇ ಕ್ಲಾಸಿಗೆ ಬರುವಷ್ಟರಲ್ಲಿ ಸಕ್ಕರೆ ಕಾಯಿಲೆಯಿಂದ ಅವರ ಬೆರಳ ತುದಿಗಳಿಗೆ ಸ್ಪರ್ಶವೇ ತಿಳಿಯುತ್ತಿರಲಿಲ್ಲ. ಅದನ್ನು ಹೊರಗೆ ಯಾರಿಗೂ ಹೇಳಿರಲಿಲ್ಲ. ಡಾರ್ಕ್‌ರೂಮಿನ ಕೆಲಸ ಮೆಲ್ಲನೆ ನನ್ನ ಕೈಗೆ ಬಂತು.

ಒಂದು ಮಧ್ಯಾಹ್ನ ಚಾರ್ಮಾಡಿಯಿಂದ ಒಬ್ಬರು ಹೆಂಗಸು ಬಂದರು. ಗಂಡ ಗಲ್ಫಿನಲ್ಲಿ ತೀರಿಕೊಂಡಿದ್ದರು. ಅವರ ಬಟ್ಟೆಬರೆಯ ಜೊತೆ ಊರಿಗೆ ಬಂದ ಕ್ಯಾಮೆರಾದೊಳಗೆ ರೋಲು ಸಿಕ್ಕಿಹಾಕಿಕೊಂಡಿತ್ತು.

"ಬೆಳ್ತಂಗಡಿಯಲ್ಲಿ ಕೇಳಿದೆ, ತೆಗೆಯಲಿಕ್ಕೆ ಆಗುವುದಿಲ್ಲ ಅಂದರು. ನನ್ನ ಹತ್ತಿರ ಅವರದ್ದು ಇದೊಂದೇ ಉಂಟು" ಎಂದು ಮದುವೆಯ ಫೋಟೋ ತೋರಿಸಿದರು.

"ಕೂತುಕೊಳ್ಳಿ, ನೋಡುವ" ಎಂದ ಅಪ್ಪ ನನ್ನ ಕಡೆ ತಿರುಗಿದರು.

ಬೆಳಕು ಸೋಕಿದರೆ ಎಲ್ಲ ಹೋದಂತೆ. ಡಾರ್ಕ್‌ರೂಮಿನ ಬಾಗಿಲು ಹಾಕಿ ಕೆಂಪು ದೀಪವನ್ನೂ ಆರಿಸಿದೆವು. ಕ್ಯಾಮೆರಾದ ಹಿಂಬದಿ ತೆರೆದೆ. ಫಿಲ್ಮು ಮಡಚಿಕೊಂಡು ಗಟ್ಟಿಯಾಗಿ ಕೂತಿತ್ತು. ಸ್ವಲ್ಪ ಸ್ವಲ್ಪವೇ ಬಿಡಿಸುತ್ತ ಬಂದೆ. ಹೊರಗೆ ಬೆಂಚಿನ ಮೇಲೆ ಆ ಹೆಂಗಸು ಕೆಮ್ಮಿದ್ದು ಕೇಳಿಸಿತು. ಒಂದು ಕಡೆ ಫಿಲ್ಮು ಬಿಗಿಯಾಯಿತು. ಎಳೆಯಬಾರದಿತ್ತು... ಎಳೆದೆ. ಚಟ್ ಎಂದಿತು.

ಅಪ್ಪ ಕತ್ತಲಲ್ಲೇ ನನ್ನ ಹತ್ತಿರ ಸರಿದರು.

"ತುಂಡಾಯಿತಾ?"

"ಹೂಂ."

"ಕೈ ನಿಲ್ಲಿಸಬೇಡ. ಉಳಿದದ್ದನ್ನು ತೆಗಿ."

ಕಲರ್ ಫಿಲ್ಮು ನಮ್ಮಲ್ಲಿ ತೊಳೆಯಲು ಆಗುತ್ತಿರಲಿಲ್ಲ. ಎರಡು ತುಂಡುಗಳನ್ನೂ ಅಪ್ಪ ಕಪ್ಪು ಡಬ್ಬಿಯಲ್ಲಿ ಹಾಕಿ ಮಂಗಳೂರಿನ ಕಲರ್ ಲ್ಯಾಬಿಗೆ ಕಳಿಸಿದರು. ಆ ನಾಲ್ಕು ದಿನ ನನಗೆ ಅನ್ನ ಸೇರಲಿಲ್ಲ. ಕೊನೆಗೆ ನೆಗೆಟಿವ್ ಬಂತು. ಕಟ್ಟಡಗಳು, ಜೊತೆಯ ಕೆಲಸಗಾರರು, ಕಿಟಕಿಯಲ್ಲೊಂದು ಬೆಕ್ಕು... ಮದುವೆಯ ಫೋಟೋದ ಆ ಮುಖ ಇದ್ದದ್ದು ಒಂದರಲ್ಲಿ ಮಾತ್ರ. ನಾನು ಹರಿದದ್ದೂ ಅದನ್ನೇ. ಅಪ್ಪ ತುಂಡುಗಳನ್ನು ಜೋಡಿಸಿ, ಒಂದು ಇಡೀ ದಿನ ಕೆಂಪು ದೀಪದ ಬೆಳಕಿನಲ್ಲಿ ಕೂತು ತಾವೇ ಕಪ್ಪುಬಿಳುಪು ಪ್ರಿಂಟ್ ಹಾಕಿದರು. ಆದರೂ ಭುಜದಿಂದ ಎದೆಗೆ ಕಪ್ಪು ಗೀರೊಂದು ಉಳಿಯಿತು.

ಹೆಂಗಸು ಅದರ ಮೇಲೆ ಬೆರಳಾಡಿಸಿ "ಇದು ಏನು?" ಎಂದರು. ನಾನು ಬಾಯಿ ತೆರೆಯುವ ಮೊದಲೇ ಅಪ್ಪ ಹೇಳಿದರು: "ನನ್ನಿಂದ ಆದದ್ದು ಅಮ್ಮ. ನನ್ನ ಕೈ ಈಗ ಮೊದಲಿನ ಹಾಗೆ ಇಲ್ಲ."

ಅಂಗಡಿಯಲ್ಲಿ ಬೇರೆ ಇಬ್ಬರು ಗಿರಾಕಿಗಳೂ ಇದ್ದರು. ಅಷ್ಟು ಕಾಲ ಮುಚ್ಚಿಟ್ಟದ್ದನ್ನು ಅಪ್ಪ ಅವರೆದುರೇ ನನಗಾಗಿ ಹೇಳಿಬಿಟ್ಟಿದ್ದರು. ನಾನು ನೆಲ ನೋಡುತ್ತ ನಿಂತೆ.

"ಮುಖ ಉಂಟಲ್ಲ, ಸಾಕು" ಎಂದ ಆಕೆ ಫೋಟೋವನ್ನು ಸೆರಗಿನಲ್ಲಿ ಸುತ್ತಿಕೊಂಡು ಹೋದರು.

ಆ ಮಾತು ಪೇಟೆಯಲ್ಲಿ ಹಬ್ಬಿತು. ಮದುವೆಗೆ ಕರೆಯುತ್ತಿದ್ದವರು ಒಬ್ಬೊಬ್ಬರಾಗಿ ಬೇರೆ ಕಡೆ ಹೋದರು. ಅಪ್ಪ ಮಾತ್ರ ಮಾರನೇ ದಿನವೇ ನನ್ನ ಕೈಗೆ ಇನ್ನೊಂದು ರೋಲು ಕೊಟ್ಟು, "ಇದು ನಿನ್ನದೇ ಕೆಲಸ" ಎಂದಿದ್ದರು. ಅವತ್ತು ಅವರು ಸಿಟ್ಟು ಮಾಡಿದ್ದರೆ ನಾನು ಬಹುಶಃ ಮತ್ತೆ ಕ್ಯಾಮೆರಾ ಮುಟ್ಟುತ್ತಿರಲಿಲ್ಲ.

ಇದನ್ನೆಲ್ಲ ಮೊದಲ ಸಲ ಮಗಳಿಗೆ ಹೇಳಿದೆ. ಅವಳು ಬಾಟಲಿ ಕೆಳಗಿಟ್ಟು ಕೇಳಿದಳು: "ಅಮ್ಮ, ಆಮೇಲಾದರೂ ಅಜ್ಜನ ಹತ್ತಿರ ಸಾರಿ ಹೇಳಿದ್ದೀಯಾ?"

ಇಲ್ಲ ಎಂದೆ. ಸ್ಟುಡಿಯೋ ಮುಚ್ಚಿದ ದಿನ ಅಪ್ಪ ಬೋರ್ಡು ಇಳಿಸುವಾಗ ಏಣಿ ಹಿಡಿದು ನಿಂತಿದ್ದೆ. ಆಗಲೂ ಹೇಳಲಿಲ್ಲ. ಆಸ್ಪತ್ರೆಯಲ್ಲಿ ಅವರ ಬೆರಳುಗಳನ್ನು ನೀವುತ್ತ ಕೂತಿದ್ದಾಗಲೂ ನಾಳೆ ಹೇಳುವ ಅಂದುಕೊಂಡೆ... ಅಪ್ಪ ಹೋಗಿ ಹದಿನಾಲ್ಕು ವರ್ಷವಾಯಿತು. ಮಾತು ಹಾಗೆಯೇ ಇದೆ, ಕೇಳಬೇಕಾದವರು ಇಲ್ಲ.